ಓದುಗರ ಪ್ರಶ್ನೆ, ಅಕ್ಕನ ಉತ್ತರ: ಹಡಗಿನ ಮೇಲೆ ಗಾಜು ಊದೋದು ಅಂದ್ರೆ ಏನ್ರೀ?

ಕಳೆದ ತಿಂಗಳು ಅಂಕಣದ ಕೊನೆಗೆ ಸ್ವಲ್ಪ ಜಾಗ ಉಳಿದಿತ್ತು. ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅಮೆರಿಕಕ್ಕೆ ಮಗಳ ಮನೆಗೆ ಹೋಗಿದ್ದಾಗ ಅವರೆಲ್ಲ ಸೇರಿ ನನ್ನನ್ನು ಒಂದು ವಾರದ ಕ್ರೂಸ್ ಹಡಗು ಹತ್ತಿಸಿದ್ದರು, ಆ ಹಡಗಿನ ಮೇಲಿನ ಡೆಕ್‌ನಲ್ಲಿ ಗಾಜು ಊದುವ ಕ್ಲಾಸ್ ನಡೆಯುತ್ತಿತ್ತು, ನಾನೂ ಹೋಗಿ ಒಂದು ನೀಲಿ ಬಟ್ಟಲು ಊದಿ ಬಂದೆ ಅಂತ. ಅಷ್ಟೇ ಬರೆದದ್ದು. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ! ಸೊಸೆ ಜೊತೆ ಹೊಂದಾಣಿಕೆ ಇಲ್ಲ, ಮಗ ಮೊಬೈಲ್ ಬಿಡೋದಿಲ್ಲ ಅಂತ ಬರೆದವರು ಒಂದು ತಿಂಗಳು ತಡೆದುಕೊಳ್ಳಿ. ಈ ಸಲ ಬರೀ ಗಾಜು.

ಮೊದಲೇ ಹೇಳಿಬಿಡ್ತೀನಿ, ನಾನು ಗಾಜಿನ ಪಂಡಿತೆ ಅಲ್ಲ. ಬೆಳಗಾವಿಯ ಬ್ಯಾಂಕ್ ಕೌಂಟರ್‌ನಲ್ಲಿ ಜೀವಮಾನ ಕಳೆದವಳು. ಆದರೆ ಆ ಕ್ಲಾಸ್ ಆದಮೇಲೆ ತಲೆಗೆ ಹುಳ ಹೊಕ್ಕಿತು. ಕಂಡವರನ್ನೆಲ್ಲ ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ.

*

ಅಕ್ಕಾರ, ನಾನು ಉದ್ಯಮಬಾಗದ ಫೌಂಡ್ರಿಯಲ್ಲಿ 22 ವರ್ಷದಿಂದ ಕೆಲಸ ಮಾಡ್ತೀನಿ. ನಮ್ಮಲ್ಲಿ ಕರಗಿದ ಕಬ್ಬಿಣದ ಹತ್ರ ಒಂದು ತಂಬಿಗೆ ನೀರು ತಂದ್ರೂ ಎದಿ ಝಲ್ ಅಂತದ. ನೀವು ನೋಡಿದ್ರ ಸಮುದ್ರದ ನಡುವ, ಹಡಗಿನ ಮ್ಯಾಲ ಭಟ್ಟಿ ಇತ್ತು ಅಂತೀರಿ. ಹೆಂಗ್ ಬಿಟ್ರು ಅವರು? ತಮಾಷೆ ಮಾಡಬ್ಯಾಡ್ರಿ.
ಫೌಂಡ್ರಿ ಸೂಪರ್‌ವೈಸರ್, ಬೆಳಗಾವಿ

ಅಣ್ಣಾರೆ, ತಮಾಷೆ ಅಲ್ಲ. ನಿಮಗೆ ಬಂದ ಅನುಮಾನವೇ ಹಡಗು ಕಟ್ಟಿದವರಿಗೂ ಬಂದಿತ್ತು. ಹಡಗಿಗೆ ಬೆಂಕಿ ಬಿದ್ದರೆ ಎಲ್ಲಿಗೆ ಓಡೋದು ಹೇಳಿ? ನೆಲದ ಮೇಲಿನ ಗಾಜಿನ ಭಟ್ಟಿಗಳು ಹೆಚ್ಚಾಗಿ ಗ್ಯಾಸ್ ಮೇಲೆ ಉರಿಯುತ್ತವೆ, ಬಾಯಿಂದ ಜ್ವಾಲೆ ಹೊರಗೆ ಚಾಚುತ್ತಿರುತ್ತದೆ. ಅಂಥದ್ದನ್ನು ಹಡಗಿನ ಮೇಲೆ ಇಡಲು ಬಿಡೋದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನಿಂಗ್ ಅಂತ ಒಂದು ಸಣ್ಣ ಊರಿದೆ, ಅಲ್ಲಿ 1951ರಲ್ಲಿ ಶುರುವಾದ ಗಾಜಿನ ಮ್ಯೂಸಿಯಂ ಇದೆ. ಅವರು ಪೂರ್ತಿ ಕರೆಂಟಿನ ಮೇಲೆ ನಡೆಯುವ ಭಟ್ಟಿಗಳನ್ನು ಸಿದ್ಧಮಾಡಿದರು. 2008ರಲ್ಲಿ ಸೆಲೆಬ್ರಿಟಿ ಸೋಲ್‌ಸ್ಟಿಸ್ ಅನ್ನೋ ಹಡಗು ಓಡಾಟ ಶುರುಮಾಡಿದಾಗ ಅದರ ನೆತ್ತಿಯ ಮೇಲೆ ಈ ಭಟ್ಟಿಗಳನ್ನು ಕೂರಿಸಿದರು. ಸಮುದ್ರದ ಮೇಲೆ ಗಾಜು ಊದಿದ್ದು ಅದೇ ಮೊದಲು. ಆಮೇಲೆ ಅದೇ ಮಾದರಿಯ ಈಕ್ವಿನಾಕ್ಸ್, ಎಕ್ಲಿಪ್ಸ್ ಹಡಗುಗಳಲ್ಲೂ ಬಂತು. ಪಕ್ಕದಲ್ಲೇ ಅರ್ಧ ಎಕರೆ ನಿಜವಾದ ಹುಲ್ಲು ಬೇರೆ ಬೆಳೆಸಿದ್ದರು. ಹುಲ್ಲಿನ ಮೇಲೆ ಕೂತು ಭಟ್ಟಿ ನೋಡೋದು! ಮೊದಮೊದಲು ಬರೀ ನೋಡೋ ಪ್ರದರ್ಶನ ಇತ್ತು, ಕ್ಲಾಸ್ ಆಮೇಲೆ ಸೇರಿತು.

ಭಟ್ಟಿ ಒಂದಲ್ಲ, ಮೂರು. ಒಂದರಲ್ಲಿ ಮೂಸೆ ತುಂಬ ಗಾಜು, 1100 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಹಗಲು ರಾತ್ರಿ ಆರಿಸೋದೇ ಇಲ್ಲ. ಇನ್ನೊಂದು ಕೆಲಸದ ನಡುವೆ ತಣ್ಣಗಾದ ಗಾಜನ್ನು ಮತ್ತೆ ಕಾಯಿಸೋದಕ್ಕೆ. ಮೂರನೆಯದು ಸುಮಾರು 500 ಡಿಗ್ರಿಯ ಪೆಟ್ಟಿಗೆ, ಮುಗಿದ ಸಾಮಾನು ರಾತ್ರಿಯಿಡೀ ನಿಧಾನಕ್ಕೆ ಆರೋದಕ್ಕೆ. ನಿಮ್ಮಲ್ಲಿ ಎರಕ ಹೊಯ್ದ ಮಾಲನ್ನು ಮರಳಿನಲ್ಲೇ ಬಿಟ್ಟು ಆರಿಸ್ತೀರಲ್ವಾ, ಅವಸರಕ್ಕೆ ಬೇಗ ಬಿಚ್ಚಿದರೆ ಒಳಗೇ ಸೀಳು ಬಿಡುತ್ತಲ್ವಾ, ಇಲ್ಲೂ ಅದೇ ಲೆಕ್ಕ. ಹೊರಗಿನ ಪದರ ಮೊದಲು ಗಟ್ಟಿಯಾಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಬಿಸಿ, ಇಬ್ಬರೂ ಜಗ್ಗಾಡಿ ಕೊನೆಗೆ ಸಾಮಾನು ಸೀಳಿಕೊಳ್ಳುತ್ತದೆ.

ನೀವು ಕಬ್ಬಿಣ ಹೊಯ್ಯೋದು 1350, 1400 ಡಿಗ್ರಿಗೆ. ಶಾಖದಲ್ಲಿ ನೀವೇ ಮೇಲು. ಆದರೆ ಕಬ್ಬಿಣ ನೀರಿನ ಹಾಗೆ ಹರಿಯುತ್ತದೆ, ಗಾಜು ಹರಿಯೋದಿಲ್ಲ. ಇಷ್ಟು ಡಿಗ್ರಿಗೆ ಕರಗಿತು ಅನ್ನೋ ಒಂದು ಗೆರೆಯೇ ಅದಕ್ಕಿಲ್ಲ. ಮೆತ್ತಗಾಗ್ತಾ ಮೆತ್ತಗಾಗ್ತಾ ಹೋಗುತ್ತದೆ, ಹಾಗೇ ಗಟ್ಟಿಯಾಗ್ತಾ ಬರುತ್ತದೆ. ಮಹಾಲಿಂಗಪುರದ ಕಡೆ ಬೆಲ್ಲದ ಗಾಣಕ್ಕೆ ಹೋದವರಿಗೆ ಗೊತ್ತು, ಕೊಪ್ಪರಿಗೆ ಇಳಿಸುವ ಹೊತ್ತಿಗೆ ಹುಡುಗರು ಕಬ್ಬಿನ ತುಂಡು ಅದ್ದಿ, ತಿರುಗಿಸಿ, ಬಿಸಿ ಬೆಲ್ಲ ಸುತ್ತಿಕೊಂಡು ಓಡ್ತಾರಲ್ವಾ? ಗಾಜನ್ನು ತೆಗೆಯೋದು ಸೇಮ್ ಹಾಗೇ. ಸುರಿಯೋದಿಲ್ಲ, ಕೊಳವೆಯ ತುದಿಗೆ ಸುತ್ತಿಕೊಳ್ಳೋದು. ತಿರುಗಿಸೋದು ನಿಲ್ಲಿಸಿದಿರೋ, ಬೆಲ್ಲ ಅಂಗಿ ಮೇಲೆ, ಗಾಜು ನೆಲದ ಮೇಲೆ.

ನೀರಿನ ಮಾತು ಹೇಳಿದ್ರಲ್ಲ, ಇದನ್ನು ಕೇಳಿ ನೀವು ಬೆಚ್ಚಿಬೀಳ್ತೀರಿ. ಅಲ್ಲಿ ಭಟ್ಟಿಯ ಪಕ್ಕದಲ್ಲೇ ಬಕೆಟ್ ತುಂಬ ನೀರು! ಮರದ ಸೌಟಿನಂಥ ಅಚ್ಚುಗಳು ಅದರಲ್ಲಿ ನೆನೆಯುತ್ತಿದ್ದವು. ಇನ್ನೊಂದು ಕಡೆ ದಿನಪತ್ರಿಕೆಯನ್ನು ದಪ್ಪಗೆ ಮಡಚಿ, ತೊಯ್ಯಿಸಿ, ಅಂಗೈ ಮೇಲೆ ಇಟ್ಟುಕೊಂಡು ಅದರಿಂದಲೇ ಉರಿಯುವ ಗಾಜನ್ನು ಸವರ್ತಾರೆ. ಒದ್ದೆ ಕಾಗದ ಮುಟ್ಟಿದ ಕೂಡಲೇ ಆವಿ ಏಳುತ್ತದೆ, ಆ ಆವಿಯ ಪದರದ ಮೇಲೆ ಗಾಜು ಜಾರುತ್ತದೆ, ಕೈ ಉಳಿಯುತ್ತದೆ. ಕೊಳವೆ ತುದಿಯ ಗಾಜು ಮುದ್ದೆಯ ಹಾಗೆ ನಿಂತಿರುತ್ತದೆ, ನೀರನ್ನು ತನ್ನ ಅಡಿಗೆ ಹಿಡಿದಿಟ್ಟುಕೊಳ್ಳೋದಿಲ್ಲ. ಹಾಗಾಗಿ ನಿಮ್ಮಲ್ಲಿ ಆಗುವಂಥ ಸಿಡಿತ ಅಲ್ಲಿ ಇಲ್ಲ. ಆದರೂ ದಯವಿಟ್ಟು ಇದನ್ನು ಫೌಂಡ್ರಿಯಲ್ಲಿ ಪ್ರಯತ್ನಿಸಬೇಡಿ!

*

ಅಕ್ಕಾ, ನನಗೆ 58. ಹೋದ ವರ್ಷ ನಿವೃತ್ತಿ ಆಯ್ತು. ಮಗ ಸಿಂಗಾಪುರದಲ್ಲಿದ್ದಾನೆ, ಕ್ರೂಸ್‌ಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾನೆ. ಬಲೂನ್ ಊದಿದರೆ ತಲೆ ಸುತ್ತುತ್ತದೆ ನನಗೆ. ಗಾಜು ಊದಲು ಉಸಿರು ಸಾಕಾಗುತ್ತಾ?
ನಿವೃತ್ತ ಶಿಕ್ಷಕಿ, ಜಮಖಂಡಿ

ಉಸಿರಿನ ಚಿಂತೆ ಬಿಡಿ ಅಕ್ಕಾರೆ. ಬಲೂನೇ ಕಷ್ಟ, ಗಾಜು ಸಲೀಸು. ನಾನೂ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಅಜ್ಜಿ ಊದುಗೊಳವಿಯಲ್ಲಿ ಒಲೆ ಊದ್ತಿದ್ದಳಲ್ಲ ಆ ಥರ ಜೋರಾಗಿ ಊದಲು ಹೊರಟಿದ್ದೆ. ಕಲಿಸುವ ಹುಡುಗಿ ನಗ್ತಾ ನಿಲ್ಲಿಸಿದಳು. ಒಂದು ಸಣ್ಣ 'ಫೂ' ಸಾಕು, ಊದಿದ ಕೂಡಲೇ ಕೊಳವೆಯ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿ ಅಂದಳು. ಹಿಡಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಕಡೆ ತುದಿಯಲ್ಲಿ, ಕಿತ್ತಳೆ ಬಣ್ಣದ ಉಂಡೆಯ ನಡುವೆ, ಒಂದು ಗುಳ್ಳೆ ತಾನಾಗೇ ಅರಳಿತು. ನಾನು ಊದೋದು ನಿಲ್ಲಿಸಿದಮೇಲೆ ಅರಳಿದ್ದು ಅದು! ಒಳಗೆ ಸಿಕ್ಕಿಬಿದ್ದ ಗಾಳಿ ಕಾದು ಹಿಗ್ಗುತ್ತದೆ, ಅದೇ ಗಾಜನ್ನು ತಳ್ಳುತ್ತದೆ. ನಾವು ಕೊಟ್ಟಿದ್ದು ಒಂದು ತುತ್ತು ಉಸಿರು ಮಾತ್ರ.

ಕಷ್ಟ ಇರೋದು ಕೈಯಲ್ಲಿ. ಕೊಳವೆ ನಾಲ್ಕು ಅಡಿಗಿಂತ ಜಾಸ್ತಿ ಉದ್ದ, ಸ್ಟೀಲಿನದು, ತುದಿಗೆ ಗಾಜಿನ ಭಾರ. ಅದನ್ನು ಬೆಂಚಿನ ಎರಡು ಕಬ್ಬಿಣದ ಹಳಿಗಳ ಮೇಲೆ ಇಟ್ಟು ಎಡಗೈಯಿಂದ ಲಟ್ಟಣಿಗೆ ಉರುಳಿಸಿದ ಹಾಗೆ ಹಿಂದೆ ಮುಂದೆ ಉರುಳಿಸ್ತಾನೇ ಇರಬೇಕು. ಅದೇ ಹೊತ್ತಿಗೆ ಬಲಗೈಯಲ್ಲಿ ದೊಡ್ಡ ಇಕ್ಕಳದಂಥ ಸಲಕರಣೆ, ಜಾಕ್ಸ್ ಅಂತಾರೆ ಅದಕ್ಕೆ, ಹಿಡಿದು ಬಟ್ಟಲಿನ ಕತ್ತು ಒತ್ತಬೇಕು. ಎಡಗೈ ಒಂದು ತಾಳ, ಬಲಗೈ ಇನ್ನೊಂದು ತಾಳ. ರೊಟ್ಟಿ ಬಡಿದು ರೂಢಿ ಇರೋರಿಗೆ ಇದು ಬೇಗ ಹತ್ತುತ್ತದೆ ಅನ್ನೋದು ನನ್ನ ಅನುಭವ. ಜೋಳದ ರೊಟ್ಟಿ ತಟ್ಟುವಾಗ ಒಂದು ಕೈ ಬಡಿಯುತ್ತದೆ, ಹಿಟ್ಟು ತಾನೇ ಸುತ್ತುತ್ತದೆ, ಎಲ್ಲೂ ದಪ್ಪ ಉಳಿಯಬಾರದು, ನೀರು ಕಡಿಮೆ ಆದರೆ ಅಂಚು ಸೀಳುತ್ತದೆ. ನನ್ನ ಅಳಿಯ ಎರಡು ಡಿಗ್ರಿ ಮಾಡಿಕೊಂಡವನು, ಅವನ ಗಾಜು ಮೂರು ಸಲ ಜೋತುಬಿತ್ತು. ನನ್ನದು ಒಂದೇ ಸಲ. ಇದನ್ನು ಅವನು ಓದೋದಿಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ಹಾಗಂತ ಬಟ್ಟಲು ಪೂರ್ತಿ ನಾನೇ ಮಾಡಿದೆ ಅಂದ್ರೆ ಸುಳ್ಳಾಗುತ್ತದೆ. ಭಟ್ಟಿಯಿಂದ ಗಾಜು ತೆಗೆದವಳು ಅವಳು. ಮತ್ತೆ ಮತ್ತೆ ಕಾಯಿಸಿ ತಂದವಳೂ ಅವಳೇ. ಒಂದು ಕೊಳವೆಯಿಂದ ಬಿಡಿಸಿ ಇನ್ನೊಂದು ಸಲಾಕೆಗೆ ಅಂಟಿಸೋ ಹೊತ್ತು, ಅದು ಎಲ್ಲಕ್ಕಿಂತ ನಾಜೂಕು, ಆಗ ನನ್ನನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿದರು. ಬಣ್ಣ ಆರಿಸಿದ್ದು, ಊದಿದ್ದು, ಒತ್ತಿದ್ದು, ಬಾಯಿ ಅಗಲ ಮಾಡಿದ್ದು ನಾನು. ಅದೂ ಅವಳ ಕೈ ನನ್ನ ಕೈ ಮೇಲೆ ಇಟ್ಟು. ಮಕ್ಕಳಿಗೆ ಅಕ್ಷರ ತಿದ್ದಿಸಿದವರು ನೀವು, ಇದು ಯಾವ ಥರದ ಕಲಿಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ವಿದ್ಯೆ ಬರೋದಿಲ್ಲ. ಗಾಜು ಹೇಗೆ ಆಡುತ್ತದೆ ಅನ್ನೋದು ಕೈಗೆ ಗೊತ್ತಾಗುತ್ತದೆ, ಅಷ್ಟೇ. ನನಗೆ ಅದಕ್ಕೇ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿತು. ಶೋಕೇಸ್‌ಗೆ ಚಂದದ ಹೂದಾನಿ ಬೇಕು ಅಂತಿದ್ದರೆ ಅಂಗಡಿಯಲ್ಲೇ ತಗೊಳ್ಳಿ, ಅದು ನಮ್ಮದಕ್ಕಿಂತ ನೆಟ್ಟಗೆ ನಿಲ್ಲುತ್ತದೆ.

ಬಿ.ಪಿ. ಏನಾದ್ರೂ ಇದ್ದರೆ ಡಾಕ್ಟರನ್ನು ಕೇಳಿಕೊಂಡೇ ಹೋಗಿ. ಉಸಿರಿಗೆ ಅಲ್ಲ, ಭಟ್ಟಿಯ ಝಳಕ್ಕೆ.

*

ಬಾಯಾರ, ನಾವು ಎಲ್ಲಿ ಹೋದ್ರೂ ಸೀರೆ ಬಿಡೋದಿಲ್ಲ. ಇಳಕಲ್ ಸೀರೆ ಉಟ್ಟು ಗಾಜು ಊದಬಹುದಾ?
ಗೃಹಿಣಿ, ಇಳಕಲ್

ಉಡಬೇಡಿ ಅಂತಲೇ ಹೇಳ್ತೀನಿ, ಇಳಕಲ್ಲಿನವರಿಗೆ ಹೇಳೋಕೆ ಹೊಟ್ಟೆ ಉರಿದರೂ. ಒಡಲು ಹತ್ತಿಯದಾದರೆ ತೊಂದರೆ ಇಲ್ಲ, ಆದರೆ ಸೆರಗು, ದಡಿ ಈಗ ಹೆಚ್ಚಿನ ಸೀರೆಗಳಲ್ಲಿ ಆರ್ಟ್ ಸಿಲ್ಕ್ ಇರುತ್ತದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಕಿಡಿ ತಾಗಿದರೆ ಕಷ್ಟ. ಪಾಲಿಯೆಸ್ಟರ್ ಅಂತೂ ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ಜೋಲಾಡುವ ಸೆರಗು, ದುಪಟ್ಟಾ ಭಟ್ಟಿ ಹತ್ರ ಬೇಡವೇ ಬೇಡ. ಹತ್ತಿಯ ಉದ್ದ ತೋಳಿನ ಚೂಡಿದಾರ್, ದುಪಟ್ಟಾ ರೂಮಲ್ಲಿ. ಬೆರಳು ಮುಚ್ಚುವ ಬೂಟು, ಜಡೆ ಮೇಲಕ್ಕೆ ಕಟ್ಟಿ. ಕನ್ನಡಕ ಅವರೇ ಕೊಡ್ತಾರೆ. ಕೈಯ ಬಳೆ, ಬೆರಳಿನ ಉಂಗುರ ತೆಗೆದಿಡಿ, ಲೋಹ ಕಾದರೆ ಬಿಸಿ ಬೇಗ ಬಿಡೋದಿಲ್ಲ. ತಾಳಿ ತೆಗೆಯೋಕೆ ಮನಸ್ಸಾಗದಿದ್ದರೆ ಕುಪ್ಪಸದ ಒಳಗೆ ಹಾಕಿಕೊಳ್ಳಿ, ನಾನು ಹಾಗೇ ಮಾಡಿದೆ.

*

ಮೇಡಂ, ನಾನು ತಾಂಡಾದ ಹುಡುಗಿ, ಬಿ.ಎ. ಓದ್ತಿದ್ದೀನಿ. ನಮ್ಮ ಅಜ್ಜಿಯ ಹಳೆ ಕಾಂಚಳಿ, ಅಂದ್ರೆ ಲಂಬಾಣಿ ರವಿಕೆ, ಅದರ ಮೇಲಿನ ಕನ್ನಡಿ ಚೂರುಗಳು ಸ್ವಲ್ಪ ಡೊಂಕಾಗಿವೆ. ಈಗ ಪೇಟೆಯಲ್ಲಿ ಸಿಗೋವು ಸಪಾಟಾಗಿವೆ. ನಿಮ್ಮ ಬರಹ ಓದಿ ಅನುಮಾನ ಬಂತು, ಅವೂ ಊದಿದ ಗಾಜೇನಾ?
ವಿದ್ಯಾರ್ಥಿನಿ, ವಿಜಯಪುರ ಜಿಲ್ಲೆ

ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು, ತಂಗಿ. ಎಷ್ಟು ಚೆನ್ನಾಗಿ ನೋಡಿದೀಯ!

ಹಳೆಯ ಕಾಲದ ಕಸೂತಿ ಕನ್ನಡಿ ಊದಿದ ಗಾಜಿನದೇ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಕಪಡವಂಜ್ ಅಂತ ಊರಿದೆ, ಈ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಕೊಳವೆಯ ತುದಿಗೆ ಗಾಜು ಸುತ್ತಿಕೊಂಡು ಊದಿ ಊದಿ ದೊಡ್ಡ ಗೋಳ ಮಾಡ್ತಾರೆ, ತೆಳ್ಳಗೆ, ಒಂದು ದೊಡ್ಡ ಕೊಡದಷ್ಟು ಅಂದ್ಕೋ. ಅದರ ಒಳಗೆ ಬೆಳ್ಳಿಯಂತೆ ಹೊಳೆಯುವ ಲೇಪ ಹಾಕ್ತಾರೆ. ಆಮೇಲೆ ಆ ಗೋಳವನ್ನೇ ಒಡೆದು, ಕತ್ತರಿಸಿ, ಚೂರು ಮಾಡ್ತಾರೆ. ಗುಂಡಗಿನ ಗೋಳದ ಚೂರು ಅಂದಮೇಲೆ ಸ್ವಲ್ಪ ಡೊಂಕು ಇದ್ದೇ ಇರುತ್ತದಲ್ಲ? ಅಜ್ಜಿಯ ಕಾಂಚಳಿಯನ್ನು ಬಿಸಿಲಿಗೆ ಹಿಡಿದು ಸ್ವಲ್ಪ ಆಡಿಸಿ ನೋಡು. ಪ್ರತಿ ಕನ್ನಡಿಯೂ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಎಸೆಯುತ್ತದೆ. ಸಪಾಟು ಕನ್ನಡಿಗೆ ಆ ಮಿನುಗು ಬರೋದಿಲ್ಲ, ಅದು ಒಂದೇ ಸಲ ಫಳ್ ಅಂದು ಸುಮ್ಮನಾಗುತ್ತದೆ. ಪೇಟೆಯಲ್ಲಿ ಈಗ ಸಿಗೋದು ಹೆಚ್ಚಾಗಿ ಮಷಿನ್ ಗಾಜಿನ ಹಾಳೆಯಿಂದ ಕತ್ತರಿಸಿದ್ದು, ಅದಕ್ಕೇ ನಿನಗೆ ಸಪಾಟಾಗಿ ಕಂಡದ್ದು.

ಅಜ್ಜಿಯ ಕಾಂಚಳಿ ಮಾರಾಟಕ್ಕೆ ಕೇಳೋರು ಬಂದರೆ ಕೊಡಬೇಡ. ವಾಷಿಂಗ್ ಮಷಿನ್‌ಗಂತೂ ಹಾಕಲೇಬೇಡ. ಹಿಂದಿನ ಲೇಪ ಒಂದು ಸಲ ಹೋದರೆ ಬರೀ ಗಾಜು ಉಳಿಯುತ್ತದೆ.

*

ನಾನು ಬಾಗಲಕೋಟೆಯಲ್ಲಿ ಐ.ಟಿ.ಐ. ಮುಗಿಸಿದ್ದೀನಿ. ಹಡಗು ಹತ್ತೋ ಶಕ್ತಿ ನಮಗಿಲ್ಲ. ಈ ಕೆಲಸ ಇಲ್ಲೇ ಎಲ್ಲಾದ್ರೂ ಕಲಿಯೋಕಾಗುತ್ತಾ? ಹೊಟ್ಟೆಪಾಡು ಆಗುತ್ತಾ?
ಓದುಗ, ಬಾಗಲಕೋಟೆ

ಹಡಗಿನ ಕ್ಲಾಸ್ ಅಂದ್ರೆ ರಜೆಯಲ್ಲಿರೋರಿಗೆ ಒಂದು ಆಟ ತಮ್ಮಾ, ಕೆಲಸ ಕಲಿಯೋಕೆ ಅದು ಜಾಗವೇ ಅಲ್ಲ. ನಿನ್ನ ಪ್ರಶ್ನೆ ಬೇರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಗಾಜಿನ ಕೆಲಸದಲ್ಲಿ ಎರಡು ದಾರಿ. ಒಂದು ನಾನು ಕಂಡದ್ದು, ದೊಡ್ಡ ಭಟ್ಟಿಯಿಂದ ಕರಗಿದ ಗಾಜು ತೆಗೆದು ಊದೋದು. ನಮ್ಮ ದೇಶದಲ್ಲಿ ಅದರ ರಾಜಧಾನಿ ಉತ್ತರ ಪ್ರದೇಶದ ಫಿರೋಜಾಬಾದ್, ಆಗ್ರಾದ ಪಕ್ಕದಲ್ಲೇ. ನಮ್ಮ ಹೆಣ್ಣುಮಕ್ಕಳ ಕೈಯಲ್ಲಿರೋ ಗಾಜಿನ ಬಳೆಗಳು ಬಹುಪಾಲು ಅಲ್ಲಿಂದಲೇ ಬರೋದು. ಆದರೆ ಅಲ್ಲಿ ಕೆಲಸ ತಲೆಮಾರಿನಿಂದ ಮನೆಮನೆಯಲ್ಲಿ ನಡೆದುಬಂದದ್ದು. ಬಿಸಿಲಿನ ನಾಡಿನಲ್ಲಿ ಭಟ್ಟಿಯ ಮುಂದೆ ನಿಲ್ಲೋ ದುಡಿಮೆ, ಕೂಲಿಯೂ ಅಷ್ಟಕ್ಕಷ್ಟೇ. ಹೊರಗಿನಿಂದ ಹೋಗಿ ನೆಲೆಯೂರು ಅಂತ ನಾನಂತೂ ಹೇಳಲಾರೆ.

ಇನ್ನೊಂದು ದಾರಿ ವಿಜ್ಞಾನದ ಗಾಜು. ಕಾಲೇಜಿನ ಲ್ಯಾಬ್‌ನಲ್ಲಿ ಫ್ಲಾಸ್ಕ್, ಕಂಡೆನ್ಸರ್, ಬ್ಯುರೆಟ್ ನೋಡಿರ್ತೀಯಲ್ಲ? ಅವಕ್ಕೆ ಬಳಸೋದು ಬೋರೋಸಿಲಿಕೇಟ್ ಗಾಜು. ಅಲ್ಲಿ ಕರಗಿದ ಗಾಜಿನ ಮೂಸೆ ಇರೋದಿಲ್ಲ, ಸಿದ್ಧ ಗಾಜಿನ ನಳಿಗೆಯನ್ನು ಗ್ಯಾಸ್ ಮತ್ತು ಆಕ್ಸಿಜನ್ ಉರಿಯಲ್ಲಿ ಕಾಯಿಸಿ, ಬಗ್ಗಿಸಿ, ಊದಿ, ಜೋಡಿಸ್ತಾರೆ. ಒಂದು ಮೇಜು, ಒಂದು ಬರ್ನರ್, ಒಂದು ಲೇಥ್ ಇದ್ದರೆ ಕೆಲಸ ನಡೆಯುತ್ತದೆ. ಲೇಥ್ ಅಂದಕೂಡಲೇ ನಿನ್ನ ಐ.ಟಿ.ಐ. ಕೈ ತುರಿಸಿರಬೇಕು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಸಂಶೋಧನಾ ಕೇಂದ್ರಗಳಲ್ಲಿ ಇದಕ್ಕೇ ಅಂತ ಗಾಜು ಊದುವವರು ಇರ್ತಾರೆ. ಯಾವುದೋ ಪ್ರಯೋಗಕ್ಕೆ ಒಂದೇ ಒಂದು ವಿಚಿತ್ರ ಆಕಾರದ ನಳಿಗೆ ಬೇಕಾದರೆ ಅದನ್ನು ಕಂಪನಿಯವರು ಮಾಡಿಕೊಡೋದಿಲ್ಲ, ಇವರೇ ಮಾಡಬೇಕು. ಈ ಕೆಲಸ ಕಲಿತವರು ಕಡಿಮೆ. ಲ್ಯಾಬ್ ಸಾಮಾನು ತಯಾರಿಸುವ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಜಾಗ ವಿಚಾರಿಸು. ನನ್ನ ಮಗನಾಗಿದ್ದರೆ ಈ ದಾರಿಗೇ ಕಳಿಸ್ತಿದ್ದೆ.

ಸುಮ್ನೆ ಕೈಗೆ ರುಚಿ ಹತ್ತಿಸಿಕೊಳ್ಳಬೇಕು ಅಂದ್ರೆ ದೂರ ಹೋಗಬೇಡ. ನಮ್ಮ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಮಣ್ಣು ಬೇರೆ, ಗಾಜು ಬೇರೆ, ಒಪ್ಪಿದೆ. ಆದರೆ ತಿರುಗ್ತಾ ಇರೋ ವಸ್ತುವನ್ನು ಎರಡು ಕೈಯಲ್ಲಿ ಹದಕ್ಕೆ ತರೋದು ಅಲ್ಲೂ ಕಲಿಯಬಹುದು, ಭಟ್ಟಿಯ ಶಾಖ ಏರಿಸೋದು ಇಳಿಸೋದೂ ಗೊತ್ತಾಗುತ್ತದೆ. ಮಣ್ಣಿಗೆ ಒಂದು ದೊಡ್ಡ ಗುಣ ಇದೆ. ಕೆಟ್ಟರೆ ಮತ್ತೆ ಮುದ್ದೆ ಮಾಡಿ ಶುರುಮಾಡಬಹುದು. ಗಾಜು ಅಷ್ಟು ಹೊತ್ತು ಕಾಯೋದಿಲ್ಲ.

*

ನಾವಿಬ್ಬರೂ ಯುರೋಪಿನ ಕ್ರೂಸ್ ಬುಕ್ ಮಾಡಿದ್ದೀವಿ. ವೆನಿಸ್ ಇದೆ ಅಂತ ಏಜೆಂಟ್ ಹೇಳಿದಾರೆ. ಹಡಗಿನ ಕ್ಲಾಸ್ ಒಳ್ಳೆಯದೋ, ಮುರಾನೋಗೆ ಹೋಗೋದು ಒಳ್ಳೆಯದೋ?
ದಂಪತಿ, ಟಿಳಕವಾಡಿ, ಬೆಳಗಾವಿ

ವೆನಿಸ್‌ವರೆಗೆ ಹೋಗ್ತೀರಿ ಅಂದ್ರೆ ಮುರಾನೋ ಬಿಡಬೇಡಿ. 1291ರಲ್ಲಿ ವೆನಿಸ್‌ನ ಆಡಳಿತದವರು ಊರಿಗೆ ಬೆಂಕಿ ಬಿದ್ದೀತು ಅಂತ ಹೆದರಿ ಗಾಜಿನ ಭಟ್ಟಿಗಳನ್ನೆಲ್ಲ ಆ ದ್ವೀಪಕ್ಕೆ ಕಳಿಸಿದ್ದು. ಏಳುನೂರು ವರ್ಷ ದಾಟಿದೆ, ಇನ್ನೂ ಅಲ್ಲೇ ಊದ್ತಿದಾರೆ. ಮೊದಲು ಉದ್ಯಮಬಾಗದ ಅಣ್ಣ ಕೇಳಿದರಲ್ಲ ಬೆಂಕಿಯ ಭಯ, ಅದು ಈಗಿನದಲ್ಲ ನೋಡಿ. ಅಂದು ಊರಿನಿಂದ ನೀರಿನಾಚೆ ಓಡಿಸಿದ ಭಟ್ಟಿಯನ್ನು ಈಗ ನೀರಿನ ಮೇಲೇ ತೇಲಿಬಿಟ್ಟಿದ್ದಾರೆ.

ಒಂದು ಎಚ್ಚರಿಕೆ. 2021ರ ಆಗಸ್ಟ್‌ನಿಂದ ದೊಡ್ಡ ಕ್ರೂಸ್ ಹಡಗುಗಳನ್ನು ವೆನಿಸ್ ನಗರದ ನಡುವಿನ ಕಾಲುವೆಗೆ ಬಿಡೋದಿಲ್ಲ. 'ವೆನಿಸ್' ಅಂತ ಟಿಕೆಟ್ ಮೇಲೆ ಬರೆದಿದ್ದರೂ ಹಡಗು ಎಷ್ಟೋ ಸಲ ರವೆನ್ನಾ, ತ್ರಿಯೆಸ್ತೆಯಂಥ ಬೇರೆ ಬಂದರಿಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ಬಸ್ಸು. ಯಾವ ಬಂದರು, ಎಷ್ಟು ಗಂಟೆ ನಿಲ್ಲುತ್ತೆ ಅಂತ ಏಜೆಂಟ್ ಹತ್ರ ಬರಹದಲ್ಲಿ ತಗೊಳ್ಳಿ. ಬೆಳಗಿನ ಅರ್ಧ ಬಸ್ಸಿನಲ್ಲೇ ಹೋದರೆ ಮುರಾನೋ ಬರೀ ಮಾತಾಗಿ ಉಳಿಯುತ್ತದೆ. ಇನ್ನು ನಿಮ್ಮ ಹಡಗಿನಲ್ಲಿ ಗಾಜಿನ ಭಟ್ಟಿ ಇದೆಯಾ ಅನ್ನೋದನ್ನೂ ಅದೇ ಕಾಗದದಲ್ಲಿ ಕೇಳಿ. ಹಡಗಿನವರು ಇಂಥ ಕಾರ್ಯಕ್ರಮಗಳನ್ನು ಆಗಾಗ ಬದಲಿಸ್ತಾರೆ, ಹಿಂದೆ ಇತ್ತು ಅಂತ ಈಗಲೂ ಇರಲೇಬೇಕಾಗಿಲ್ಲ.

*

ಹಡಗು ಅಲುಗಾಡುವಾಗ ಬಿಸಿ ಗಾಜು ಹಿಡಿದು ನಿಲ್ಲೋದು ಹೆಂಗ್ರೀ?
ಓದುಗ, ಚಿಕ್ಕೋಡಿ

ದೊಡ್ಡ ಹಡಗು ನಮ್ಮ ಬಸ್ಸಿನಷ್ಟೂ ಅಲುಗೋದಿಲ್ಲ. ನೀರಿನ ಕೆಳಗೆ ಎರಡೂ ಬದಿಗೆ ರೆಕ್ಕೆಯಂಥವು ಇರ್ತವೆ, ಅವು ಹೊರಳಾಟ ತಡೆಯುತ್ತವೆ. ತೊಂದರೆ ಕೊಡೋದು ಗಾಳಿ. ಮೇಲಿನ ಡೆಕ್ ಅಲ್ವಾ, ಜೋರು ಗಾಳಿ ಬೀಸಿದರೆ ಗಾಜು ಒಂದೇ ಬದಿಗೆ ತಣ್ಣಗಾಗುತ್ತದೆ. ನನ್ನ ಕ್ಲಾಸ್ ಇದೇ ಕಾರಣಕ್ಕೆ ಒಂದು ದಿನ ಮುಂದಕ್ಕೆ ಹೋಯ್ತು.

*

ಖರ್ಚು ಎಷ್ಟಾಯ್ತು, ಬಟ್ಟಲನ್ನು ಒಡೆಯದೇ ಬೆಳಗಾವಿವರೆಗೆ ಹೇಗೆ ತಂದ್ರಿ? ಫೋಟೊ ಯಾಕೆ ಹಾಕಿಲ್ಲ?
ಕಿರಾಣಿ ವ್ಯಾಪಾರಿ, ಗೋಕಾಕ

ವ್ಯಾಪಾರಿಗಳು ಮೊದಲು ಕೇಳೋದು ಖರ್ಚೇ! ಮಗಳು ಕೊಟ್ಟಳು, ಎಷ್ಟು ಅಂತ ಬಾಯಿ ಬಿಡಲಿಲ್ಲ. ಪ್ರದರ್ಶನ ನೋಡೋದು ಪುಕ್ಕಟೆ, ಕೈ ಹಾಕೋದಕ್ಕೆ ಬೇರೆ ದುಡ್ಡು, ಅದು ಹಡಗಿನ ಟಿಕೆಟ್‌ನಲ್ಲಿ ಸೇರಿರಲಿಲ್ಲ. ಜಾಗ ಕಡಿಮೆ, ಒಬ್ಬೊಬ್ಬರಿಗೇ ಕಲಿಸ್ತಾರೆ. ಹಾಗಾಗಿ ಹಡಗು ಹತ್ತಿದ ದಿನವೇ ಹೆಸರು ಬರೆಸಿ. ಕೊನೆಯ ದಿನಕ್ಕೆ ಮಾತ್ರ ಬರೆಸಬೇಡಿ, ಯಾಕಂದ್ರೆ ಸಾಮಾನು ರಾತ್ರಿಯಿಡೀ ಆ ಪೆಟ್ಟಿಗೆಯಲ್ಲಿ ಆರಬೇಕು, ಮರುದಿನವೇ ಕೈಗೆ ಸಿಗೋದು.

ಮರುದಿನ ಹೋಗಿ ನೋಡಿದೆ. ಹಿಂದಿನ ದಿನ ನಾನು ತಟ್ಟೆಯಲ್ಲಿ ಹರಡಿದ್ದ ಬಣ್ಣದ ಗಾಜಿನ ಕಾಳು, ದಪ್ಪ ಸಕ್ಕರೆಯಷ್ಟು ದಪ್ಪ, ಅದರ ಮೇಲೆ ಬಿಸಿ ಗಾಜನ್ನು ಉರುಳಿಸಿದಾಗ ಎಲ್ಲವೂ ಬರೀ ಕೆಂಡದ ಬಣ್ಣಕ್ಕೆ ತಿರುಗಿತ್ತು. ಬಿಸಿಯಲ್ಲಿ ಯಾವ ಬಣ್ಣವೂ ತನ್ನ ಗುಟ್ಟು ಬಿಡೋದಿಲ್ಲ. ಆರಿದಮೇಲೆ ನೋಡಿದರೆ ಗಾಢ ನೀಲಿ, ಕೋಬಾಲ್ಟ್ ಹಾಕಿದ ಗಾಜಿನ ನೀಲಿ. ಒಂದು ಬದಿ ಸ್ವಲ್ಪ ವಾರೆ, ತಳದಲ್ಲಿ ಸಲಾಕೆ ಮುರಿದ ಗುರುತು, ಗೋಡೆಯಲ್ಲಿ ಜೀರಿಗೆಯಷ್ಟು ಒಂದು ಗುಳ್ಳೆ. ಆ ಗುಳ್ಳೆ ನನ್ನದೇ ತಪ್ಪು, ತಿರುಗಿಸೋದು ಮರೆತಾಗ ಮಡಿಕೆ ಬಿದ್ದು ಗಾಳಿ ಸಿಕ್ಕಿಕೊಂಡದ್ದು. ಎಲ್ಲಕ್ಕಿಂತ ಚಂದ ಅದೇ ಕಂಡಿತು ನನಗೆ.

ತಂದದ್ದು ಕೈಚೀಲದಲ್ಲಿ. ಒಳಗೆ ಕಾಲುಚೀಲ ತುರುಕಿ, ಹೊರಗೆ ಎರಡು ಟವೆಲ್ ಸುತ್ತಿ, ಮೂರು ವಿಮಾನ ಬದಲಿಸಿ ಸಾಂಬ್ರಾದಲ್ಲಿ ಇಳಿದಾಗ ಒಂದು ಗೀರೂ ಇರಲಿಲ್ಲ. ಲಗೇಜಿಗೆ ಹಾಕಬೇಡಿ, ಅಷ್ಟೇ ನನ್ನ ಸಲಹೆ.

ಫೋಟೊ ಹಾಕದ ಕಾರಣ ಹೇಳಲೇಬೇಕಾ? ಸರಿ. ಬಂದು ಹನ್ನೊಂದನೇ ದಿನ. ಮನೆಯವರು ಚುರುಮುರಿ ಮಾಡ್ತೀನಿ ಅಂತ ಅಡುಗೆಮನೆ ಹೊಕ್ಕರು. ಹೊಕ್ಕಿದ್ದೇ ಅಪರೂಪ, ನಾನು ಸುಮ್ನಿದ್ದೆ. ಒಗ್ಗರಣೆ ಚಟಪಟ ಅಂದ ಸದ್ದು ಕೇಳಿತು, ಸಾಸಿವೆ, ಕರಿಬೇವು, ಶೇಂಗಾ ಎಲ್ಲದರ ಘಮ ಬಂತು, ಮರುಕ್ಷಣ 'ಠಣ್'. ಓಡಿ ಹೋಗಿ ನೋಡಿದರೆ ನನ್ನ ನೀಲಿ ಬಟ್ಟಲು ಎರಡು ಹೋಳು, ಕಟ್ಟೆಯ ಮೇಲೆಲ್ಲ ಎಣ್ಣೆ, ಮನೆಯವರು ಕೈಯಲ್ಲಿ ಬಾಣಲೆ ಹಿಡಿದು ಫೋಟೊಗೆ ನಿಂತವರ ಹಾಗೆ ನಿಂತಿದ್ದರು. ಕೊತಕೊತ ಎಣ್ಣೆಯನ್ನು ನೇರ ಅದಕ್ಕೇ ಸುರಿದಿದ್ದರು. ಸಾವಿರ ಡಿಗ್ರಿಯಲ್ಲಿ ಹುಟ್ಟಿದ್ದು, ಇನ್ನೂರು ಡಿಗ್ರಿ ಎಣ್ಣೆಗೆ ಯಾಕೆ ಒಡೀಬೇಕು ಅಂತ ಅವರ ವಾದ. ವಾದ ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿ ಗಾಜು ಒಟ್ಟಿಗೇ ಬಿಸಿಯಾಗಿತ್ತು, ಒಟ್ಟಿಗೇ ಆರಿತ್ತು. ಇಲ್ಲಿ ಒಳಗೋಡೆ ಒಂದೇ ಏಟಿಗೆ ಕಾದು ಹಿಗ್ಗಿತು, ಹೊರಗೋಡೆ ಡಿಸೆಂಬರ್ ಬೆಳಗಾವಿಯ ಚಳಿಯಲ್ಲಿ ತಣ್ಣಗೆ ಕೂತಿತ್ತು. ನಾವು ಊದೋ ಸಾಮಾನ್ಯ ಗಾಜು ಲ್ಯಾಬಿನ ಬೋರೋಸಿಲಿಕೇಟ್ ಗಾಜಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಜಾಸ್ತಿ ಹಿಗ್ಗುತ್ತದೆ, ಅದಕ್ಕೇ ಅದು ಒಡೆಯಿತು, ಲ್ಯಾಬಿನದು ಬಹುಶಃ ತಡೀತಿತ್ತು.

ಇದನ್ನೆಲ್ಲ ಅವರಿಗೆ ವಿವರಿಸಿದೆ. ಗಮನ ಇಟ್ಟು ಕೇಳಿದರು. ಆಮೇಲೆ ಚುರುಮುರಿ ಸ್ಟೀಲ್ ಬೋಗುಣಿಯಲ್ಲಿ ಕಲಸಿಕೊಂಡು ತಿಂದೆವು. ಹೋಳುಗಳನ್ನು ಎಸೆದಿಲ್ಲ. ಆ ಗುಳ್ಳೆ ಇರೋ ಹೋಳು ಟಿ.ವಿ. ಪಕ್ಕದಲ್ಲಿದೆ, ಯಾರಾದ್ರೂ ಬಂದು ಏನದು ಅಂತ ಕೇಳಿದರೆ ಮನೆಯವರು ಪೇಪರ್ ಮುಖಕ್ಕೆ ಅಡ್ಡ ಹಿಡೀತಾರೆ.